ಹಿಂಜವಾಡಿಯ ಬದುಗಳ ಮೇಲೆ ಹಕ್ಕಿ ಲೆಕ್ಕ

ಪುಣೆಯ ಹಿಂಜವಾಡಿಯಲ್ಲಿ ಐಟಿ ಪಾರ್ಕಿನ ಮೂರನೇ ಹಂತ ಮುಗಿದಲ್ಲಿಂದ ಮಾಣ ಊರಿನ ಕಡೆ ಹೊರಳಿದರೆ ಗಾಜಿನ ಕಟ್ಟಡಗಳ ಬೆನ್ನಿಗೇ ಹೊಲಗಳು ಶುರುವಾಗುತ್ತವೆ. ಒಂದು ಕಡೆ ಭತ್ತ ಕೊಯ್ದ ಕೂಳೆ, ಪಕ್ಕದಲ್ಲಿ ಆಳೆತ್ತರದ ಕಬ್ಬು, ಅದರಾಚೆ ಒಂದು ತುಂಡು ಹಿಂಗಾರಿ ಜೋಳ, ನಡುವೆ ತಗಡಿನ ಬೇಲಿ ಹಾಕಿ ಮಾರಾಟಕ್ಕಿಟ್ಟ ಪ್ಲಾಟು. ಪಶ್ಚಿಮಕ್ಕೆ ಸಹ್ಯಾದ್ರಿಯಿಂದ ಚಾಚಿಕೊಂಡ ಬೋಳು ಗುಡ್ಡಗಳು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ. ಹಕ್ಕಿ ಎಣಿಸುವವರು ಅದಕ್ಕೂ ಮೊದಲೇ ಬದುವಿನ ಮೇಲೆ ನಿಂತಿರಬೇಕು. ಕಂಪನಿ ಬಸ್ಸುಗಳ ಸಾಲು ಆಗಿನ್ನೂ ಶುರುವಾಗಿರುವುದಿಲ್ಲ. ಎಲ್ಲೋ ದೂರದಲ್ಲಿ ನೀರೆತ್ತುವ ಪಂಪಿನ ಸದ್ದು, ಹತ್ತಿರದಲ್ಲಿ ಗೌಜಲಹಕ್ಕಿಯ ಕೂಗು, ಎರಡೇ ಕೇಳಿಸುತ್ತವೆ.

ಹಿಂಜವಾಡಿ ಮುಳಶಿ ತಾಲ್ಲೂಕಿನ ಊರು. ತೊಂಬತ್ತರ ದಶಕದ ಕೊನೆಯಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ತಲೆಯೆತ್ತುವ ತನಕ ಇದು ಹೊಲಗದ್ದೆಗಳ ಸೀಮೆಯಾಗಿತ್ತು. ಮಾವಿನ ಹೂವಿನ ವಾಸನೆ ಬರುವ ಆಂಬೆಮೋಹರ್ ಅಕ್ಕಿಗೆ ಮುಳಶಿ ಇಂದಿಗೂ ಹೆಸರುವಾಸಿ. ಈಗ ಇಲ್ಲಿ ಬೆಳಗಾವಿ, ಹುಬ್ಬಳ್ಳಿ, ಕಲಬುರ್ಗಿ, ಬೆಂಗಳೂರು ಕಡೆಗಳಿಂದ ಬಂದ ಕನ್ನಡಿಗರು ಸಾಕಷ್ಟು ಜನ ಇದ್ದೇವೆ. ನಮ್ಮಲ್ಲಿ ಅನೇಕರ ತಂದೆ ತಾಯಿ ಇಂದಿಗೂ ಊರಲ್ಲಿ ಹೊಲ ಮಾಡುತ್ತಾರೆ. ಹಾಗಿದ್ದೂ ವಾರದ ಕೊನೆಗೆ ಹಕ್ಕಿ ನೋಡಲು ಹೊರಟವರ ಕಾರು ತಾಮ್ಹಿಣಿ ಘಟ್ಟಕ್ಕೋ ಸಿಂಹಗಡಕ್ಕೋ ಭಿಗವಣದ ಹಿನ್ನೀರಿಗೋ ತಿರುಗುತ್ತದೆ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಹೊಲಕ್ಕೆ ಯಾರೂ ಹೋಗುವುದಿಲ್ಲ. ನಮ್ಮ ಕಾಡಿನ ಹಕ್ಕಿಗಳ ಬಗ್ಗೆ ಬರೆದಷ್ಟು ಹೊಲದ ಹಕ್ಕಿಗಳ ಬಗ್ಗೆ ಯಾರೂ ಬರೆದಿಲ್ಲ, ಎಣಿಸಿದ್ದಂತೂ ಇನ್ನೂ ಕಡಿಮೆ. ಇದು ದೊಡ್ಡ ಕೊರತೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಏಕೆಂದರೆ ಕಣ್ಣಮುಂದೆ ಅತಿ ವೇಗವಾಗಿ ಬದಲಾಗುತ್ತಿರುವ ನೆಲ ಇದೇ.

ಎಣಿಕೆಯ ಕ್ರಮ ಸರಳ. ಒಂದು ಬದು ಗೊತ್ತು ಮಾಡಿಕೊಳ್ಳಬೇಕು. ಪ್ರತಿ ಸಲವೂ ಅದೇ ಬದು, ಅದೇ ದಿಕ್ಕು, ಹೆಚ್ಚುಕಡಿಮೆ ಅದೇ ಹೊತ್ತು, ಅದೇ ನಿಧಾನದ ನಡಿಗೆ. ಕಂಡದ್ದು, ಕೇಳಿದ್ದು ಎರಡನ್ನೂ ಬರೆಯಬೇಕು. ಹಕ್ಕಿಯ ಹೆಸರಿನ ಮುಂದೆ ಸಂಖ್ಯೆ ಇರಬೇಕು. ಅಪರೂಪದ್ದನ್ನು ಮಾತ್ರ ಬರೆದು ಕಾಗೆ, ಗೊರವಂಕ, ಪಾರಿವಾಳಗಳನ್ನು ಬಿಟ್ಟರೆ ಪಟ್ಟಿ ಕೆಲಸಕ್ಕೆ ಬಾರದು. ಕಂಡದ್ದೆಲ್ಲ ಪಟ್ಟಿಯಲ್ಲಿದ್ದರೆ ಮಾತ್ರ ಪಟ್ಟಿಯಲ್ಲಿಲ್ಲದ ಹಕ್ಕಿ ಆ ದಿನ ಅಲ್ಲಿ ಕಾಣಲಿಲ್ಲ ಎಂದು ಹೇಳಬಹುದು. ಹತ್ತು ವರ್ಷದ ನಂತರ ಈ ಕಾಗದ ತೆಗೆದು ನೋಡುವವರಿಗೆ ಮುಖ್ಯವಾಗುವುದು ಆ ಇಲ್ಲದಿರುವಿಕೆಯೇ. ಹೊಲದ ಎಣಿಕೆಗೆ ಇನ್ನೂ ಒಂದು ಕಲಂ ಬೇಕು: ಬೆಳೆ ಯಾವುದು, ಎಷ್ಟು ಎತ್ತರ, ನೀರು ಹಾಯಿಸಿದ್ದಾರೋ ಇಲ್ಲವೋ, ಔಷಧಿ ಹೊಡೆದ ವಾಸನೆ ಇದೆಯೋ, ಪಕ್ಕದ ಬೀಳು ಬೀಳಾಗಿಯೇ ಉಳಿದಿದೆಯೋ. ಕಾಡಿನಲ್ಲಿ ಮರಗಳು ವರ್ಷಗಟ್ಟಲೆ ಹಾಗೇ ನಿಂತಿರುತ್ತವೆ. ಹೊಲ ತಿಂಗಳಿಗೊಮ್ಮೆ ಬೇರೆ ಆಗುತ್ತದೆ, ಹಕ್ಕಿಗಳೂ ಅದರ ಜತೆಗೇ ಬದಲಾಗುತ್ತವೆ.

ಬೆಳಗಿನ ಹೊತ್ತೇ ಏಕೆ ಎಂದರೆ ಆಗ ಗಾಳಿ ನಿಂತಿರುತ್ತದೆ, ಸದ್ದು ಕಡಿಮೆ, ಕೂಗು ದೂರಕ್ಕೆ ಕೇಳುತ್ತದೆ. ರಾತ್ರಿಯಿಡೀ ಹಸಿದ ಹಕ್ಕಿ ಮೇವಿಗೆ ಇಳಿಯುವುದೂ ಆಗಲೇ. ಒಂಬತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ಅದೇ ಬದುವಿನಲ್ಲಿ ನಡೆದರೆ ಅರ್ಧ ಪಟ್ಟಿಯೂ ತುಂಬುವುದಿಲ್ಲ.

ಚಳಿಗಾಲದ ಒಂದು ಬೆಳಗು ಹೀಗೆ ತೆರೆದುಕೊಳ್ಳುತ್ತದೆ. ಮೊದಲು ಗೌಜಲಹಕ್ಕಿ. ಅದು ಕಾಣುವುದಿಲ್ಲ, ಕಲ್ಲುಬದುವಿನ ಕಳ್ಳಿಯ ಬುಡದಿಂದ ಕೂಗುತ್ತದೆ, ಎದುರು ಹೊಲದಿಂದ ಇನ್ನೊಂದು ಉತ್ತರ ಕೊಡುತ್ತದೆ. ಬೆಳಕು ಹರಿಯುತ್ತಿದ್ದಂತೆ ಕಾಜಾಣ ವಿದ್ಯುತ್ ತಂತಿಯ ಮೇಲೆ ಬಂದು ಕೂರುತ್ತದೆ. ಕೂಳೆಗದ್ದೆಯಲ್ಲಿ ಕೊಳದ ಬಕ ನಿಂತಲ್ಲೇ ನಿಂತಿರುತ್ತದೆ. ಯಾರಾದರೂ ನೀರು ಕಟ್ಟಲು ಹೊಲಕ್ಕಿಳಿದರೆ ಗೋವಕ್ಕಿಗಳು ಅವರ ಹಿಂದೆಯೇ ಸಾಲಾಗಿ ನಡೆಯುತ್ತವೆ. ಕುಂಡೆಕುಸ್ಕಗಳು ಬಾಲ ಕುಣಿಸುತ್ತ ಒದ್ದೆ ಸಾಲುಗಳಲ್ಲಿ ಓಡಾಡುತ್ತವೆ. ಉಳುಮೆ ಮಾಡಿದ ಒಣ ಮಣ್ಣಿನಲ್ಲಿ ನೆಲಗುಬ್ಬಿಗಳಿರುತ್ತವೆ, ಆದರೆ ಅವು ಕದಲುವ ತನಕ ಹೆಂಟೆ ಯಾವುದು ಹಕ್ಕಿ ಯಾವುದು ತಿಳಿಯುವುದಿಲ್ಲ. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಹೋದ ಮಳೆಗಾಲದ ಗೀಜಗನ ಗೂಡುಗಳು ಒಣಗಿ ತೂಗುತ್ತಿರುತ್ತವೆ. ಖಾಲಿ ಗೂಡು ಎಂದು ಮುಂದೆ ಹೋಗಬಾರದು. ಸ್ವಲ್ಪ ಹೊತ್ತು ಕಾದರೆ ಒಳಗಿನಿಂದ ಬಿಳಿಗಂಟಲ ರಾಟವಾಳ ಒಂದೊಂದಾಗಿ ಹೊರಬರುತ್ತವೆ. ಗೀಜಗ ಬಿಟ್ಟುಹೋದ ಮನೆಯಲ್ಲಿ ಅವು ರಾತ್ರಿ ಕಳೆಯುತ್ತವೆ, ಕೆಲವೊಮ್ಮೆ ಮೊಟ್ಟೆಯನ್ನೂ ಇಡುತ್ತವೆ.

ಜೋಳದ ತುಂಡಿನಲ್ಲಿ ದೃಶ್ಯವೇ ಬೇರೆ. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಬಯಲುಗಳಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಇಳಿಯುತ್ತವೆ. ಕಪ್ಪುತಲೆಯ ಬಂಟಿಂಗ್‌ಗಳು ತೆನೆಯ ಮೇಲೆ ಕೂತು ಕಾಳು ಬಿಡಿಸುತ್ತವೆ. ತಮ್ಮ ನಾಡಿನಲ್ಲಿ ಮಿಡತೆ ತಿಂದು ರೈತನಿಗೆ ನೆರವಾಗುವ ಕಬ್ಬಕ್ಕಿ ನಮ್ಮ ಜೋಳದ ಹೊಲದಲ್ಲಿ ನಷ್ಟ ಮಾಡುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಈ ಹೊಲದ ಯಜಮಾನರನ್ನು ನಾನು ಕಾಕಾ ಎಂದೇ ಕರೆಯುವುದು. ಬದುವಿನ ಮೇಲೆ ಎದುರಾದಾಗಲೆಲ್ಲ ಅವರ ಮೊದಲ ಪ್ರಶ್ನೆ "ಆಜ್ ಕಿತೀ ಝಾಲೇ?" ಇವತ್ತು ಎಷ್ಟಾದವು ಅಂತ. ಆಮೇಲೆ ತಮ್ಮ ಲೆಕ್ಕ ಹೇಳುತ್ತಾರೆ. ಹಿಂದೆ ಸುತ್ತಲೂ ಜೋಳ ಇದ್ದಾಗ ಹಕ್ಕಿ ಎಲ್ಲರ ಹೊಲದಲ್ಲೂ ಒಂದಿಷ್ಟು ತಿಂದು ಹೋಗುತ್ತಿತ್ತಂತೆ, ಯಾರಿಗೂ ಭಾರ ಆಗುತ್ತಿರಲಿಲ್ಲ. ಈಗ ಉಳಿದಿರುವುದು ಇವರೊಬ್ಬರ ಜೋಳ, ಅಷ್ಟೂ ಹಕ್ಕಿ ಇಲ್ಲಿಗೇ ಬರುತ್ತವೆ. ಕಾಯಲು ಆಳು ಸಿಗುವುದಿಲ್ಲ. ಅತ್ತ ಕಾಸಾರಸಾಯಿ ಜಲಾಶಯದ ನೀರಿದೆ, ಅದೇ ಸೀಮೆಯಲ್ಲಿ ಸಂತ ತುಕಾರಾಮ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಕಬ್ಬು ಹಾಕಿದರೆ ಹಕ್ಕಿ ಕಾಯುವ ಕೆಲಸವೇ ಇಲ್ಲ. ಜೋಳ ಬಿಟ್ಟ ಹೊಲಗಳಲ್ಲಿ ಬುರ್ಲಿ ಮೊದಲು ಮಾಯವಾಯಿತು ಎನ್ನುತ್ತಾರೆ ಕಾಕಾ. ಯಾವ ಸಮೀಕ್ಷೆಯ ವರದಿಗಿಂತಲೂ ಮುಂಚೆ ಅವರಿಗೆ ಅದು ಗೊತ್ತಾಗಿತ್ತು.

ಹೊಲದ ಹಕ್ಕಿಯನ್ನು ಎಣಿಸುವುದು ಈ ಸೀಮೆಗೆ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ಮುಂಬೈ ಸರ್ಕಾರದ ಅಂಕಿಅಂಶ ಅಧಿಕಾರಿಯಾಗಿ 1820ರ ದಶಕದಲ್ಲಿ ಇದೇ ದಖ್ಖನ್ ತಿರುಗಿದವರು. ಊರೂರ ಜನಸಂಖ್ಯೆ, ಬೆಳೆ, ಕಂದಾಯ ಬರೆದುಕೊಳ್ಳುತ್ತ ಹಕ್ಕಿ, ಪ್ರಾಣಿ, ಮೀನುಗಳನ್ನೂ ದಾಖಲಿಸಿದರು. ದಖ್ಖನ್ನಿನ ಹಕ್ಕಿಗಳ ಅವರ ಪಟ್ಟಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಸಂಚಿಕೆಯಲ್ಲಿ 1832ರಲ್ಲಿ ಅಚ್ಚಾಯಿತು. ಇಂದು ಪ್ರತಿ ಗದ್ದೆಯಲ್ಲೂ ಕಾಣುವ ಕೊಳದ ಬಕಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಆ ಪಟ್ಟಿಯಲ್ಲಿ. ಕಲ್ಲುಬಯಲಿನ ಬುರ್ಲಿಗೂ, ತಲೆಯ ಮೇಲೆ ಜುಟ್ಟಿರುವ ದಖ್ಖನ್ನಿನ ಪುಟ್ಟ ಬಾನಾಡಿಗೂ ಅಲ್ಲೇ. ಆ ಬಾನಾಡಿಯನ್ನು ಇಂದಿಗೂ ಸೈಕ್ಸ್ ಲಾರ್ಕ್ ಎಂದೇ ಕರೆಯುತ್ತಾರೆ. ಭಾರತದ ತೋಳವನ್ನು ವಿಜ್ಞಾನಕ್ಕೆ ಮೊದಲು ವಿವರಿಸಿದವರೂ ಅವರೇ, 1831ರಲ್ಲಿ, ದಖ್ಖನ್ನಿನ ಮಾದರಿಯಿಂದ. ಬಂದೂಕು ಹಿಡಿದು ಮಾಡಿದ ಸಮೀಕ್ಷೆ ಅದು. ಆದರೂ ಸುಮಾರು ಇನ್ನೂರು ವರ್ಷದ ಹಿಂದೆ ಈ ಬಯಲಲ್ಲಿ ಏನಿತ್ತು ಎಂದು ಕೇಳಿದರೆ ತೆಗೆದು ನೋಡಲು ನಮಗೆ ಸಿಗುವ ಆಧಾರಗಳಲ್ಲಿ ಅದು ಮುಖ್ಯವಾದದ್ದು.

ಅದೇ ಕಾಲದ ಇನ್ನೊಂದು ಲೆಕ್ಕ ಎದೆ ಹಿಂಡುತ್ತದೆ. 1809ರಿಂದ 1829ರ ನಡುವೆ ಅಹಮದ್‌ನಗರ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬೇಟೆಗಾರ ಹೊಡೆದುರುಳಿಸಿದ ಎರೆಭೂತ ಎಂಬ ದೊಡ್ಡ ಬಯಲುಹಕ್ಕಿಗಳ ಸಂಖ್ಯೆ ಒಂಬೈನೂರಕ್ಕೂ ಹೆಚ್ಚು. ಇಂದು ಇಡೀ ದೇಶದಲ್ಲಿ ಉಳಿದಿರುವ ಎರೆಭೂತಗಳು ನೂರೈವತ್ತರ ಆಸುಪಾಸು. ಅವುಗಳಿಗೆಂದೇ 1979ರಲ್ಲಿ ಸೋಲಾಪುರದ ನಾನ್ನಜ್‌ನಲ್ಲಿ ಅಭಯಾರಣ್ಯ ಮಾಡಿದರು. ಒಂದು ಕಾಲಕ್ಕೆ ರಾಣೆಬೆನ್ನೂರಿನ ಬಯಲಿನಲ್ಲೂ ಇದ್ದ ಈ ಹಕ್ಕಿ ಕರ್ನಾಟಕದಲ್ಲಿ ಕೊನೆಯದಾಗಿ ಕಾಣಿಸಿಕೊಂಡು ಉಳಿದದ್ದು ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ.

ಹಾಗೆಂದು ಅಳಿವು ಎನ್ನುವುದು ಎರೆಭೂತದಂಥ ದೊಡ್ಡ ಹಕ್ಕಿಗೆ ಮಾತ್ರ ಎಂದುಕೊಳ್ಳಬಾರದು. 'ಭಾರತದ ಹಕ್ಕಿಗಳ ಸ್ಥಿತಿಗತಿ' ಎಂಬ ವರದಿ 2023ರಲ್ಲಿ ಹೊರಬಂತು. ಸುಮಾರು 30,000 ಹಕ್ಕಿವೀಕ್ಷಕರು ಕೊಟ್ಟ ಮೂರು ಕೋಟಿ ದಾಖಲೆಗಳನ್ನು ಆಧರಿಸಿ 942 ಜಾತಿಗಳನ್ನು ಅಳೆದ ವರದಿ ಅದು. ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ. ಅವುಗಳಲ್ಲಿ 204 ಇಳಿಮುಖ. ತುರ್ತು ಗಮನ ಬೇಕಾದ ಜಾತಿಗಳು 178. ಹುಲ್ಲುಗಾವಲು, ಹೊಲ, ಬೀಳಿನಂಥ ತೆರೆದ ಬಯಲನ್ನೇ ನೆಚ್ಚಿದ ಹಕ್ಕಿಗಳು ಹೆಚ್ಚು ಹೊಡೆತ ತಿಂದಿವೆ. ಮರುಪರಿಶೀಲನೆ ಆಗಬೇಕೆಂದು ವರದಿ ಹೆಸರಿಸಿದ ಜಾತಿಗಳ ಪಟ್ಟಿಯಲ್ಲಿ ನೀಲಕಂಠವೂ ಇದೆ. ಕರ್ನಾಟಕದ ರಾಜ್ಯಪಕ್ಷಿ ಅದು. ದಸರೆಯ ದಿನ ಕಂಡರೆ ಶುಭ ಎಂದು ನಂಬುವ ಹಕ್ಕಿ. ತಂತಿಯ ಮೇಲೆ ಕಂದು ಮುದ್ದೆಯಂತೆ ಕೂತಿದ್ದು, ಮಿಡತೆ ಕಂಡೊಡನೆ ರೆಕ್ಕೆ ಬಿಚ್ಚಿದಾಗ ಹೊಳೆಯುವ ಆ ನೀಲಿಗೆ ಸಾಟಿಯೇ ಇಲ್ಲ. ಮಾಣದಿಂದ ನೇರೆ, ಜಾಂಬೆ ಕಡೆಗಿನ ಹೊಲಗಳಲ್ಲಿ ಅದು ಈಗಲೂ ಇದೆ. ಆದರೆ ತಂತಿಯ ಕೆಳಗೆ ಹೊಲ ಇದ್ದ ಕಡೆ ಮಾತ್ರ. ಕಾಂಕ್ರೀಟ್ ರಸ್ತೆಯ ಮೇಲೆ ಹಾದುಹೋದ ಅದೇ ತಂತಿ ಖಾಲಿ.

ವರದಿಯ ಇನ್ನೊಂದು ಮುಖವನ್ನೂ ಹೇಳಬೇಕು. ನವಿಲು, ಕೋಗಿಲೆ, ಪಾರಿವಾಳಗಳು ಹೆಚ್ಚಿವೆ. ಹಿಂಜವಾಡಿಯ ಎತ್ತರದ ಕಟ್ಟಡಗಳ ಬಾಲ್ಕನಿಗಳಿಗೆ ಬಲೆ ಬಿಗಿಸುವಷ್ಟು ಪಾರಿವಾಳ ಇರುವುದನ್ನು ಇಲ್ಲಿನವರಿಗೆ ಬೇರೆ ಹೇಳಬೇಕಿಲ್ಲ. ಹೀಗಾಗಿ "ಹಕ್ಕಿಗಳು ಬೇಕಾದಷ್ಟಿವೆಯಲ್ಲ" ಎಂಬ ಮಾತು ಕೇಳಿಬರುತ್ತದೆ. ಹಕ್ಕಿಗಳಿವೆ ನಿಜ. ಎಲ್ಲಿ ಬೇಕಾದರೂ ಬದುಕುವ ಕೆಲವೇ ಜಾತಿಗಳು ಹೆಚ್ಚುತ್ತಿವೆ, ಹೊಲವೇ ಬೇಕು ಎನ್ನುವವು ಕರಗುತ್ತಿವೆ.

ಯುರೋಪ್ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. 28 ದೇಶಗಳ ಸುಮಾರು 20,000 ಸ್ಥಳಗಳಲ್ಲಿ ದಶಕಗಟ್ಟಲೆ ನಡೆದ ಎಣಿಕೆಗಳನ್ನು ಒಟ್ಟು ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 1980ರಿಂದೀಚೆಗೆ ಅಲ್ಲಿನ ಹೊಲದ ಹಕ್ಕಿಗಳು ಅರ್ಧಕ್ಕಿಂತ ಹೆಚ್ಚು ಕುಸಿದಿವೆ. ಮುಖ್ಯ ಕಾರಣ ಕೀಟನಾಶಕ, ರಸಗೊಬ್ಬರದ ಬಿರುಸಿನ ಬೇಸಾಯ ಎಂದು ಅದು ತೀರ್ಮಾನಿಸಿತು. ಬ್ರಿಟನ್ನಿನಲ್ಲಿ 2014ರಿಂದ ಹೊಲದ ಹಕ್ಕಿಗಳ ದೊಡ್ಡ ಎಣಿಕೆಯೊಂದು ನಡೆಯುತ್ತಿದೆ. ಅಲ್ಲಿ ಎಣಿಸುವವರು ರೈತರೇ. ಫೆಬ್ರವರಿಯ ಒಂದು ಬೆಳಗ್ಗೆ ತಮ್ಮದೇ ಹೊಲದಲ್ಲಿ ಅರ್ಧ ಗಂಟೆ ನಿಂತು ಕಂಡದ್ದನ್ನು ಬರೆದು ಕಳಿಸುತ್ತಾರೆ. ನನಗೆ ತುಂಬ ಹಿಡಿಸಿದ ಪದ್ಧತಿ ಇದು. ಕೊರಳಿಗೆ ದುರ್ಬೀನು ಹಾಕಿಕೊಂಡು ಹೊರಗಿನಿಂದ ಬಂದವರು ಒಂದು ಬೆಳಗಿನಲ್ಲಿ ನೋಡುವುದಕ್ಕಿಂತ ಹೆಚ್ಚನ್ನು ಹೊಲದವರು ದಿನವೂ ನೋಡುತ್ತಿರುತ್ತಾರೆ. ಅವರ ಕೈಗೆ ಪಟ್ಟಿ ಹೋದರೆ ಕೆಲಸ ಗಟ್ಟಿಯಾಗುತ್ತದೆ.

ಎಣಿಕೆಗೆ ಹೋದವರಿಗೆ ಕಾಣುವುದು ಹಕ್ಕಿಯೊಂದೇ ಅಲ್ಲ. ಬೆಳಗಿನ ಜಾವ ಕಾಡುಪ್ರಾಣಿಗಳು ರಾತ್ರಿಯ ಪಾಳಿ ಮುಗಿಸಿ ಮರಳುವ ಹೊತ್ತು. ಮೊಲ ಸಾಮಾನ್ಯ, ಹಗಲಿಗೆ ಏಳುವ ಮುಂಗುಸಿ, ಉಡವೂ. ತಣ್ಣಗಿನ ಬೆಳಗ್ಗೆ ಬದುವಿನ ಕಲ್ಲಿನ ಮೇಲೆ ಕೊಳಕುಮಂಡಲ ಸುತ್ತಿಕೊಂಡಿರುವುದುಂಟು. ಹಾಗಾಗಿ ಗಟ್ಟಿ ಬೂಟು ಹಾಕಿಕೊಂಡು ಹೆಜ್ಜೆ ನೋಡಿ ಇಡುವುದು ಈ ಕೆಲಸದ ಮೊದಲ ಪಾಠ.

ಏಪ್ರಿಲ್‌ನ ಒಂದು ಬೆಳಗ್ಗೆ ಕಂಡದ್ದನ್ನು ವಿವರವಾಗಿ ಹೇಳುತ್ತೇನೆ. ನೇಗಿಲು ಹೊಡೆದು ಬಿಟ್ಟ ಹೊಲದಲ್ಲಿ ಟಿಟ್ಟಿಭದ ಜೋಡಿಯೊಂದು ಮೊಟ್ಟೆಯಿಟ್ಟಿತ್ತು. ಗೂಡು ಎನ್ನುವಂಥದ್ದೇನೂ ಇಲ್ಲ. ನೆಲದಲ್ಲಿ ಅಂಗೈಯಗಲದ ತಗ್ಗು, ಸುತ್ತ ಬಟಾಣಿ ಗಾತ್ರದ ಕಲ್ಲುಗಳು, ಒಳಗೆ ನಾಲ್ಕು ಮೊಟ್ಟೆ. ಮೊನಚು ತುದಿ ನಾಲ್ಕೂ ನಡುವಿಗೆ ತಿರುಗಿದ್ದವು. ಮಣ್ಣಿನ ಬಣ್ಣದ ಮೇಲೆ ಕಪ್ಪು ಕಲೆ, ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಲ್ಲು ಯಾವುದು ಮೊಟ್ಟೆ ಯಾವುದು ಗೊತ್ತಾಗದು. ಬದುವಿನ ತುದಿಯಲ್ಲಿ ಗುಳ್ಳೆನರಿ ಕಾಣಿಸಿತು. ಮೂತಿ ನೆಲಕ್ಕೆ ಹಚ್ಚಿ, ಯಾವ ಆತುರವೂ ಇಲ್ಲದೆ ಬರುತ್ತಿತ್ತು. ಕಾವು ಕೊಡುತ್ತಿದ್ದ ಹಕ್ಕಿ ಕೂಗಲಿಲ್ಲ. ತಲೆ ತಗ್ಗಿಸಿ ಸಾಲಿನೊಳಗೇ ಸದ್ದಿಲ್ಲದೆ ಓಡಿ, ಗೂಡಿನಿಂದ ಸಾಕಷ್ಟು ದೂರ ಹೋದ ಮೇಲೆ ಮೇಲೆದ್ದಿತು. ಅಷ್ಟರಲ್ಲಿ ಇನ್ನೊಂದು ಹಕ್ಕಿ ಅರಚುತ್ತ ನರಿಯ ತಲೆಯ ಮೇಲೆರಗಿತು. ಎರಗಿ, ಕಿವಿಗೆ ರೆಕ್ಕೆ ತಾಗುವಷ್ಟು ಹತ್ತಿರ ಹೋಗಿ, ಮೇಲೇರಿ, ಮತ್ತೆ ಎರಗಿತು. ಆ ಕೂಗಿಗೆ ಅಕ್ಕಪಕ್ಕದ ಹೊಲಗಳಿಂದಲೂ ಟಿಟ್ಟಿಭಗಳು ಬಂದವು. ತಂತಿಯ ಮೇಲಿದ್ದ ಕಾಜಾಣವೂ ಸೇರಿಕೊಂಡಿತು. ನರಿ ಎರಡು ಸಲ ನಿಂತು ಮೇಲೆ ನೋಡಿ, ಕೊನೆಗೆ ದಾರಿ ಬಿಟ್ಟು ಕಾಲುವೆಗಿಳಿದು ಕಬ್ಬಿನೊಳಗೆ ಹೋಯಿತು. ಆಮೇಲೂ ತಾಯಿಹಕ್ಕಿ ನೇರ ಗೂಡಿಗೆ ಬರಲಿಲ್ಲ. ದೂರದಲ್ಲಿಳಿದು, ನಾಲ್ಕು ಹೆಜ್ಜೆ ಓಡಿ, ನಿಂತು, ಬೇರೆ ದಿಕ್ಕಿಗೆ ತಿರುಗಿ, ಮತ್ತೆ ಓಡಿ ಬಹಳ ಹೊತ್ತಿನ ಮೇಲೆ ಮೊಟ್ಟೆಯ ಮೇಲೆ ಕೂತಿತು. ಕಡುಬಿಸಿಲಿನಲ್ಲಿ ಇದೇ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಕಡಲನ್ನೇ ಎದುರು ಹಾಕಿಕೊಂಡ ಟಿಟ್ಟಿಭದ ಕತೆ ಪಂಚತಂತ್ರದಲ್ಲಿದೆ. ಹೊಲದಲ್ಲಿ ಅದರ ಧೈರ್ಯ ನೋಡಿದವರಿಗೆ ಆ ಕತೆ ಅತಿಶಯ ಅನ್ನಿಸುವುದಿಲ್ಲ.

ಇಂಥ ಗೂಡು ಕಂಡಾಗ ಎಣಿಸುವವರಿಗೂ ನಿಯಮವಿದೆ. ಹತ್ತಿರ ಹೋಗಿ ಫೋಟೊ ತೆಗೆಯಕೂಡದು. ನಮ್ಮ ಹೆಜ್ಜೆಯ ಜಾಡು ಹಿಡಿದೇ ಬೀದಿನಾಯಿ ಬರುತ್ತದೆ, ನಾವು ನಿಂತು ನೋಡಿದ್ದನ್ನು ಗಮನಿಸಿ ಕಾಗೆ ಬರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಟವನ್ನಂತೂ ಪೂರ್ತಿ ಬಿಡಬೇಕು. ನಗರ ಬೆಳೆದಂತೆ ಹೊಲದಂಚಿನಲ್ಲಿ ಬೀದಿನಾಯಿಗಳ ಹಿಂಡು ಬೆಳೆದಿದೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ನರಿಗಿಂತ ದೊಡ್ಡ ಅಪಾಯ ಅವು.

ಕಬ್ಬಿನ ಮಾತು ಬಂದರೆ ಚಿರತೆಯ ಮಾತು ಬರಲೇಬೇಕು. ಪುಣೆ ಜಿಲ್ಲೆಯ ಜುನ್ನರ್ ಕಡೆ ಕಬ್ಬಿನ ಗದ್ದೆಯಲ್ಲೇ ಹುಟ್ಟಿ ಬೆಳೆಯುವ ಚಿರತೆಗಳಿವೆ. ಕಟಾವಿನ ಕಾಲದಲ್ಲಿ ರವದಿಯ ನಡುವೆ ಮರಿಗಳು ಸಿಗುತ್ತವೆ, ತಾಯಿಯೊಂದಿಗೆ ಸೇರಿಸುವ ಕೆಲಸವನ್ನು ಅರಣ್ಯ ಇಲಾಖೆಯವರೂ ಮಾಣಿಕ್‌ಡೋಹದ ರಕ್ಷಣಾ ಕೇಂದ್ರದವರೂ ಮಾಡುತ್ತಾರೆ. ವಿಜ್ಞಾನಿ ವಿದ್ಯಾ ಅತ್ರೇಯ ಆಗಿನ ಅಹಮದ್‌ನಗರ ಜಿಲ್ಲೆಯ ಅಕೋಲೆಯ ಕಬ್ಬಿನ ಕಣಿವೆಯಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಾಡೇ ಇಲ್ಲದ, ಜನ ಕಿಕ್ಕಿರಿದ ಆ ಬೇಸಾಯದ ನೆಲದಲ್ಲಿ ನೂರು ಚದರ ಕಿಲೋಮೀಟರಿಗೆ ಸುಮಾರು ಐದು ಬೆಳೆದ ಚಿರತೆಗಳಿದ್ದವು. ಅವರೇ 2009ರಲ್ಲಿ ರೇಡಿಯೊ ಕಾಲರ್ ಹಾಕಿ ಬಿಟ್ಟ 'ಆಜೋಬಾ' ಎಂಬ ಚಿರತೆ ಮಾಳಶೇಜ್ ಘಟ್ಟದಿಂದ ನಡೆದು ಸುಮಾರು 120 ಕಿಲೋಮೀಟರ್ ದೂರದ ಮುಂಬೈಯ ಸಂಜಯ್ ಗಾಂಧಿ ಉದ್ಯಾನ ಸೇರಿತ್ತು. ದಾರಿಯುದ್ದಕ್ಕೂ ಯಾರಿಗೂ ತೊಂದರೆ ಕೊಡಲಿಲ್ಲ.

ಹಿಂಜವಾಡಿ ಸುತ್ತಿನ ಕಬ್ಬಿನ ರೈತರಿಗೂ ಮರಾಠಿಯಲ್ಲಿ ಬಿಬಟ್ಯಾ ಎನ್ನುವ ಚಿರತೆಯ ಹೆಸರು ಹೊಸದಲ್ಲ. ಪಂಪಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ರಾತ್ರಿಯೇ ನೀರು ಹಾಯಿಸಬೇಕು. ಆಗ ಮೊಬೈಲಿನಲ್ಲಿ ಜೋರಾಗಿ ಭಜನೆಯೋ ಹಾಡೋ ಹಚ್ಚಿಕೊಂಡು, ಕೈಯಲ್ಲಿ ಬ್ಯಾಟರಿ, ಕೋಲು ಹಿಡಿದು ಹೋಗುತ್ತಾರೆ. ಎಣಿಕೆಗೆ ಹೋಗುವ ನಾವೂ ಕಾಕಾ ಹೇಳಿಕೊಟ್ಟಂತೆ ನಡೆಯುತ್ತೇವೆ: ಕತ್ತಲಿರುವಾಗ ಕಬ್ಬಿನ ಅಂಚಿಗೆ ಹೋಗುವುದಿಲ್ಲ, ಒಬ್ಬರೇ ಹೋಗುವುದಿಲ್ಲ, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂರುವುದಿಲ್ಲ. ಕೂತ ಮನುಷ್ಯನ ಆಕಾರ ಪ್ರಾಣಿಗೆ ಬೇರೆಯಾಗಿ ಕಾಣುತ್ತದೆ. ಟಿಟ್ಟಿಭವೋ ನವಿಲೋ ಒಂದೇ ಸಮನೆ ಅರಚತೊಡಗಿದರೆ ಪುಸ್ತಕ ಮುಚ್ಚಿ ಹಿಂದಕ್ಕೆ ಬರುತ್ತೇವೆ.

ಕಾಡುಪ್ರಾಣಿ ಎದುರಾದಾಗ ನಗರ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಪುಣೆ 2020ರ ಡಿಸೆಂಬರ್ 9ರಂದು ನೋಡಿತು. ದಾರಿ ತಪ್ಪಿ ಕೋಥರೂಡ್ ಬಡಾವಣೆಗೆ ಬಂದ ಕಾಟಿಯೊಂದನ್ನು ಜನ ಗುಂಪುಗೂಡಿ ಅಟ್ಟಾಡಿಸಿದರು, ಹಿಡಿದ ಮೇಲೆ ಅದು ಸತ್ತೇಹೋಯಿತು. ಎರಡು ವಾರದೊಳಗೆ ಪಾಷಾಣ–ಬಾವಧನ ಭಾಗದಲ್ಲಿ ಇನ್ನೊಂದು ಕಾಟಿ ಕಾಣಿಸಿಕೊಂಡಾಗ ಗುಂಪು ಸೇರಲು ಬಿಡಲಿಲ್ಲ, ಅದು ತಾನಾಗಿ ಕಾಡಿಗೆ ಮರಳಿತು. ಎರಡರ ನಡುವಿನ ವ್ಯತ್ಯಾಸ ಜನ ದೂರ ನಿಂತದ್ದು, ಅಷ್ಟೇ.

ಹೊಲದ ಹಕ್ಕಿ ಕಡಿಮೆಯಾಗುವುದಕ್ಕೆ ಒಂದೇ ಕಾರಣ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಬೀಳು ಭೂಮಿ, ಹುಲ್ಲುಬಯಲು ಸರ್ಕಾರಿ ಕಾಗದದಲ್ಲಿ ಪಾಳುಭೂಮಿ ಎಂದೇ ನಮೂದಾಗಿರುತ್ತದೆ. ಹಾಗೆ ನಮೂದಾದ ನೆಲಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ. ಹಳದಿ ಟಿಟ್ಟಿಭ, ಬಾನಾಡಿ, ಬುರ್ಲಿಗಳಿಗೆ ಅದೇ ಹೆರಿಗೆಮನೆ. ಟ್ರ್ಯಾಕ್ಟರು ಸಲೀಸಾಗಿ ತಿರುಗಲೆಂದು ಬದು ಕಿತ್ತರೆ ಗೌಜಲಹಕ್ಕಿಗೆ ಮರೆ ಇಲ್ಲ. ಪ್ಲಾಟು ಮಾಡುವಾಗ ಬಾವಿ ಮುಚ್ಚಿದರೆ ಗೀಜಗನಿಗೆ ಕೊಂಬೆ ಇಲ್ಲ. ಕೀಟನಾಶಕ ಹಕ್ಕಿಯನ್ನು ನೇರವಾಗಿ ಕೊಲ್ಲದಿದ್ದರೂ ಮರಿಗೆ ಉಣಿಸುವ ಹುಳುವನ್ನು ಇಲ್ಲವಾಗಿಸುತ್ತದೆ. ಕಾಳು ತಿನ್ನುವ ಗೀಜಗ, ಗುಬ್ಬಿ ಕೂಡ ಮರಿಗೆ ಕೊಡುವುದು ಹುಳುವನ್ನೇ. ಕೆಲವು ವಿಷಗಳು ನೇರವಾಗಿಯೂ ಕೊಲ್ಲುತ್ತವೆ. 1995–96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಮಿಡತೆಗೆಂದು ಮೊನೊಕ್ರೊಟೊಫಾಸ್ ಹೊಡೆದಾಗ ವಲಸೆ ಬಂದ ಸ್ವೇನ್ಸನ್ ಗಿಡುಗಗಳು ಸಾವಿರಗಟ್ಟಲೆ ಸತ್ತುಬಿದ್ದವು. ನಮ್ಮಲ್ಲಿ ಅದನ್ನು ತರಕಾರಿಗೆ ಬಳಸದಂತೆ ತಡೆದದ್ದು 2005ರಲ್ಲಿ. ಎಲ್ಲೆಡೆ ಮಾರಾಟವಾಗುತ್ತಿದ್ದ 36 ಪ್ರತಿಶತದ ದ್ರಾವಣವನ್ನು ಕೈಬಿಡಲು 2023ರ ಆದೇಶ ಬರಬೇಕಾಯಿತು. ಹುಲ್ಲುಬಯಲು ಮತ್ತು ಹೊಲಗಳಿಗೆ ಚಳಿಗಾಲದಲ್ಲಿ ಬರುವ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಭಾರತದಾದ್ಯಂತ ಇಳಿದಿವೆ ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಸಂಗಡಿಗರು ಅವುಗಳ ರಾತ್ರಿ ತಂಗುದಾಣಗಳನ್ನು ವರ್ಷಗಟ್ಟಲೆ ಎಣಿಸಿ ತೋರಿಸಿದ್ದಾರೆ.

ಇದರಲ್ಲಿ ರೈತನನ್ನು ಗುರಿ ಮಾಡುವುದು ಸರಿಯಲ್ಲ. ಬೆಲೆ ಇಲ್ಲದ ಬೆಳೆಯನ್ನು ಹಕ್ಕಿಗಾಗಿ ಬೆಳೆ ಎಂದು ಹೇಳುವ ಅಧಿಕಾರ ಫ್ಲ್ಯಾಟಿನಲ್ಲಿರುವ ನಮಗಿಲ್ಲ. ಜೋಳಕ್ಕೆ, ಸಜ್ಜೆಗೆ ನ್ಯಾಯವಾದ ಬೆಲೆ ಸಿಗುವಂತೆ ಮಾಡುವುದು, ಆ ರೊಟ್ಟಿಯನ್ನು ಕೊಂಡು ತಿನ್ನುವುದು ನಮ್ಮ ಕೈಯಲ್ಲಿದೆ. ಗದಗ, ವಿಜಯಪುರ, ಕಲಬುರ್ಗಿಯ ಎರೆಹೊಲಗಳ ಪಾಲಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಐಟಿ ಪಾರ್ಕ್ ಇಲ್ಲದಿರಬಹುದು, ಜೋಳದ ಸಾಲುಗಳು ಮಾತ್ರ ಅಲ್ಲೂ ಕಿರಿದಾಗುತ್ತಿವೆ.

ಪಟ್ಟಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಬೆಂಗಳೂರಿನ ಹೆಸರಘಟ್ಟ ತೋರಿಸಬಹುದು. ಸುಮಾರು ಐದು ಸಾವಿರ ಎಕರೆಯ ಆ ಹುಲ್ಲುಗಾವಲಿಗೆ ಚಿತ್ರನಗರಿಯ ಪ್ರಸ್ತಾಪ ಬಂದಾಗ ಅದು ಬರಿ ಬಯಲಲ್ಲ ಎಂದು ವಾದಿಸಲು ಬಲ ಕೊಟ್ಟದ್ದು ಹವ್ಯಾಸಿಗಳು ಬರೆದಿಟ್ಟ ಹಕ್ಕಿಗಳ ದಾಖಲೆ. ಮೈಸೂರಿನ ಹಕ್ಕಿವೀಕ್ಷಕರು 2014ರಿಂದ 2016ರ ತನಕ ಊರನ್ನು ಚೌಕಗಳಾಗಿ ಹಂಚಿಕೊಂಡು ನಗರದ ಹಕ್ಕಿ ನಕಾಶೆಯನ್ನೇ ತಯಾರಿಸಿದರು. ಕೇರಳದವರು 2015ರಿಂದ 2020ರವರೆಗೆ ಇಡೀ ರಾಜ್ಯಕ್ಕೆ ಅದನ್ನೇ ಮಾಡಿದರು. ಎರಡೂ ಕಡೆ ಕೆಲಸದ ಬೆನ್ನೆಲುಬಾಗಿ ನಿಂತವರು ಸ್ವಯಂಸೇವಕರು.

ಹಿಂಜವಾಡಿಯಿಂದ ಶಿವಾಜಿನಗರಕ್ಕೆ ಹೋಗುವ 23 ಕಿಲೋಮೀಟರ್ ಮೆಟ್ರೊದ ಈ ಕಡೆಯ ತುದಿ ಇರುವುದು ಮಾಣದಲ್ಲಿ. ಐಟಿ ಪಾರ್ಕಿನ ನಾಲ್ಕನೇ ಹಂತದ ಭೂಸ್ವಾಧೀನಕ್ಕೆ ಅಲ್ಲಿನ ರೈತರು ವಿರೋಧ ತೋರುತ್ತ ಬಂದಿದ್ದಾರೆ. ಮುಂದೆ ಏನೇ ಆಗಲಿ, ಈ ನೆಲ ಇಂದಿನಂತೆ ಉಳಿಯುವುದು ಕಷ್ಟ. ಆದ್ದರಿಂದ ಇಲ್ಲಿರುವ ಕನ್ನಡಿಗರಲ್ಲಿ, ಊರಲ್ಲಿ ಹೊಲ ಇರುವ ಎಲ್ಲರಲ್ಲಿ ಒಂದು ಮನವಿ. ಸಂಕ್ರಾಂತಿಗೋ ಸುಗ್ಗಿಗೋ ಊರಿಗೆ ಹೋದಾಗ ಬೆಳಕು ಹರಿಯುವ ಹೊತ್ತಿಗೆ ನಿಮ್ಮ ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಿಲ್ಲಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಜತೆಗೆ ಕರೆದುಕೊಳ್ಳಿ. ಹಿರಿಯರಿಗೆ ಕೂಗು ಗೊತ್ತಿರುತ್ತದೆ, ಮಕ್ಕಳಿಗೆ ಕಣ್ಣು ಚುರುಕು. ಕಂಡ ಹಕ್ಕಿ, ಅದರ ಸಂಖ್ಯೆ, ತಾರೀಖು, ಊರು, ಬೆಳೆ ಇಷ್ಟು ಬರೆದುಕೊಂಡು, ಹಕ್ಕಿವೀಕ್ಷಕರ ಪಟ್ಟಿಗಳನ್ನು ಕೂಡಿಡುವ ಜಾಲತಾಣ ಇ-ಬರ್ಡ್‌ಗೆ ಸೇರಿಸಿ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲಿನ ಹಕ್ಕಿ ಎಣಿಕೆ ನಡೆಯುತ್ತದೆ, ಶುರು ಮಾಡಲು ಅದು ಒಳ್ಳೆಯ ಹೊತ್ತು. ಮುಂದಿನ ವರ್ಷವೂ ಅದೇ ಬದುವಿಗೆ ಹೋಗಿ ಎಣಿಸಿ.